ಹಳೆಯ ಯಂತ್ರಕ್ಕೆ ಹೊಸ ಮನೆ

ಹಳೆಯ ವಸ್ತುಗಳ ವಿಷಯದಲ್ಲಿ ಮನುಷ್ಯನ ನಡವಳಿಕೆ ವಿಚಿತ್ರವಾದುದು. ಹೊಸದು ಬಂದೊಡನೆ ಹಳೆಯದನ್ನು ಅಟ್ಟಕ್ಕೆ ಏರಿಸುತ್ತಾನೆ; ಅಟ್ಟ ತುಂಬಿದ ಮೇಲೆ ಗುಜರಿಗೆ ಹಾಕುತ್ತಾನೆ. ಹಲವು ವರ್ಷಗಳು ಕಳೆದ ಬಳಿಕ, ಕಳೆದುಕೊಂಡುದರ ಬೆಲೆಯನ್ನು ಅರಿತು, ಅದನ್ನೇ ಹುಡುಕುತ್ತ ಊರೂರು ಅಲೆಯುತ್ತಾನೆ. ತೊಟ್ಟಿಮನೆಯ ಕೆತ್ತನೆಯ ಕಂಬಗಳೂ ಅಜ್ಜಿಯ ಕಾಲದ ಹಿತ್ತಾಳೆಯ ಪಾತ್ರೆಗಳೂ ಈ ಮೂರು ಅವಸ್ಥೆಗಳನ್ನು ಕಂಡಿವೆ. ಧ್ವನಿಮುದ್ರಣ ಮಂದಿರಗಳಲ್ಲಿ ಒಂದು ಕಾಲದಲ್ಲಿ ಕೆಲಸ ಮಾಡಿದ ಸಣ್ಣದೊಂದು ಯಂತ್ರಭಾಗವೂ ಇವುಗಳ ಸಾಲಿಗೆ ಸೇರುತ್ತದೆ. ಅದನ್ನು ಅದರ ಹಳೆಯ ನೆಲೆಯಿಂದ ಬಿಡಿಸಿ, ಹೊಸ ಪೆಟ್ಟಿಗೆಯೊಂದರಲ್ಲಿ ನೆಲೆಗೊಳಿಸುವ ಕೆಲಸವನ್ನು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಅನೇಕ ಕುಶಲಕರ್ಮಿಗಳು ಮಾಡುತ್ತ ಬಂದಿದ್ದಾರೆ. ಹೊರಗಿನಿಂದ ನೋಡುವವರಿಗೆ ಇದು ನಾಲ್ಕು ತಿರುಪುಗಳನ್ನು ಬಿಚ್ಚಿ ಮತ್ತೆ ನಾಲ್ಕು ತಿರುಪುಗಳನ್ನು ಬಿಗಿಯುವ ಕೆಲಸದಂತೆ ತೋರಬಹುದು. ಆದರೆ ಅದರ ಒಳಗನ್ನು ಹೊಕ್ಕು ನೋಡಿದರೆ ಜಾಣ್ಮೆ, ತಾಳ್ಮೆ, ವಿವೇಕ ಈ ಮೂರನ್ನೂ ಪರೀಕ್ಷಿಸುವ ಕಾರ್ಯವಿದೆಂದು ತಿಳಿಯುತ್ತದೆ.

ಆ ಯಂತ್ರಭಾಗದ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು. ಗಾಯಕನು ಮೈಕಿನ ಮುಂದೆ ನಿಂತು ಹಾಡಿದಾಗ ಗಾಳಿಯಲ್ಲಿ ಎದ್ದ ಅಲೆಗಳು ಮೈಕಿನೊಳಗಿನ ತೆಳುವಾದ ಪೊರೆಯನ್ನು ಅಲುಗಿಸುತ್ತವೆ. ಒಂದು ಬಗೆಯ ಮೈಕಿನಲ್ಲಿ ಆ ಪೊರೆಗೆ ಸಣ್ಣ ತಂತಿಯ ಸುರುಳಿಯೊಂದನ್ನು ಅಂಟಿಸಿರುತ್ತಾರೆ. ಸುರುಳಿಯು ಕಾಂತದ ನಡುವೆ ಹಿಂದಕ್ಕೂ ಮುಂದಕ್ಕೂ ಆಡಿದಂತೆ ವಿದ್ಯುತ್ತು ಹುಟ್ಟುತ್ತದೆ. ಈ ವಿದ್ಯುತ್ತು ಬಹಳ ಬಡಕಲು; ಒಂದು ವೋಲ್ಟನ್ನು ಸಾವಿರ ಪಾಲು ಮಾಡಿದರೆ ಅಂಥ ಒಂದೆರಡು ಪಾಲಿನಷ್ಟು ಮಾತ್ರ ಅದರ ಬಲ. ಇಷ್ಟು ಕ್ಷೀಣವಾದುದು ಮುದ್ರಣಯಂತ್ರವನ್ನು ನಡೆಸಲಾರದು. ಅದನ್ನು ಮೊದಲು ಸಾವಿರ ಪಟ್ಟು ಹಿಗ್ಗಿಸಬೇಕು. ಹೀಗೆ ಹಿಗ್ಗಿಸುವ ಮೊದಲ ಹಂತದ ವರ್ಧಕಕ್ಕೆ ಪ್ರೀ-ಆಂಪ್ಲಿಫೈಯರ್ ಎಂದು ಹೆಸರು. ಇದರಲ್ಲಿ ದೋಷವಿದ್ದರೆ ಮುಂದಿನ ಹಂತಗಳೆಲ್ಲ ದನಿಯ ಜೊತೆಗೆ ಆ ದೋಷವನ್ನೂ ಹಿಗ್ಗಿಸುತ್ತ ಹೋಗುತ್ತವೆ. ಬಿತ್ತಿದ ಬೀಜವೇ ಜೊಳ್ಳಾದರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಫಲವೇನು?

ಧ್ವನಿಮುದ್ರಣ ಮಂದಿರದಲ್ಲಿ ಒಂದೇ ಮೈಕು ಇರುವುದಿಲ್ಲ. ಗಾಯಕನಿಗೆ ಒಂದು, ಪಿಯಾನೋಗೆ ಎರಡು, ಗಿಟಾರಿಗೆ ಒಂದು, ಡೋಲುಗಳಿಗೆ ನಾಲ್ಕಾರು ಹೀಗೆ ಹಲವು ಮೈಕುಗಳ ದನಿಗಳನ್ನು ಒಂದೆಡೆ ಕೂಡಿಸಿ ಹದಗೊಳಿಸಬೇಕಾಗುತ್ತದೆ. ಇದಕ್ಕಾಗಿ ನಿರ್ಮಿಸಿದ ದೊಡ್ಡ ಮೇಜಿನಂಥ ಯಂತ್ರವೇ ಕನ್ಸೋಲ್. ಒಂದೊಂದು ಮೈಕಿಗೂ ಒಂದೊಂದು ಘಟಕದಂತೆ, ಒಂದೇ ಬಗೆಯ ಇಪ್ಪತ್ತು ಮೂವತ್ತು ಘಟಕಗಳು ಅದರಲ್ಲಿ ಸಾಲಾಗಿ ನಿಂತಿರುತ್ತವೆ. ಒಂದು ಘಟಕ ಕೆಟ್ಟರೆ ಅದನ್ನು ಹೊರಗೆಳೆದು, ಬೇರೊಂದನ್ನು ತಳ್ಳಿ, ಕೆಲಸವನ್ನು ಮುಂದುವರಿಸಬಹುದು. ದುರಸ್ತಿಯ ಅನುಕೂಲಕ್ಕೆಂದು ಮಾಡಿದ ಈ ಏರ್ಪಾಟೇ ಮುಂದೊಂದು ದಿನ ಆ ಘಟಕಗಳು ಮೇಜನ್ನು ತೊರೆದು ಬದುಕುವುದಕ್ಕೆ ದಾರಿಯಾಯಿತು.

ಇಂಥ ಘಟಕಗಳಲ್ಲಿ ಬಹಳ ಪ್ರಸಿದ್ಧವಾದುದು ರೂಪರ್ಟ್ ನೀವ್ ಅವರ ಸಂಸ್ಥೆಯಲ್ಲಿ ರೂಪುಗೊಂಡ ೧೦೭೩ ಎಂಬ ಸಂಖ್ಯೆಯ ಘಟಕ. ನೀವ್ ಅವರು ಹುಟ್ಟಿದ್ದು ೧೯೨೬ರಲ್ಲಿ, ಇಂಗ್ಲೆಂಡಿನಲ್ಲಿ. ಬಾಲ್ಯವನ್ನು ಕಳೆದದ್ದು ಅರ್ಜೆಂಟೀನದಲ್ಲಿ. ಹುಡುಗನಾಗಿದ್ದಾಗಲೇ ರೇಡಿಯೋಗಳನ್ನು ಜೋಡಿಸುವುದು, ರಿಪೇರಿ ಮಾಡುವುದು ಅವರಿಗೆ ಪ್ರಿಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಮರಳಿ, ಸೈನ್ಯದ ಸಂಪರ್ಕ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ೧೯೬೧ರಲ್ಲಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಗಾಜಿನ ವಾಲ್ವುಗಳ ಕಾಲ ಮುಗಿದು ಟ್ರಾನ್ಸಿಸ್ಟರುಗಳ ಕಾಲ ಆರಂಭವಾಗುತ್ತಿದ್ದ ಸಂಧಿಕಾಲವದು. ೧೯೭೦ರಲ್ಲಿ ಲಂಡನ್ನಿನ ವೆಸ್ಸೆಕ್ಸ್ ಧ್ವನಿಮುದ್ರಣ ಮಂದಿರದ ಕನ್ಸೋಲಿಗಾಗಿ ೧೦೭೩ ಘಟಕವು ಸಿದ್ಧವಾಯಿತು. ಅದರ ಮುಖದ ಅಗಲ ಸುಮಾರು ೪೫ ಮಿಲಿಮೀಟರ್, ಎತ್ತರ ಸುಮಾರು ೨೨೨ ಮಿಲಿಮೀಟರ್. ಬೂದುನೀಲಿ ಬಣ್ಣದ ಆ ಮುಖದ ಮೇಲೆ ದನಿಯ ಬಲವನ್ನು ಏರಿಸಲು ಕೆಂಪು ಗುಂಡಿಯೊಂದು. ಅದನ್ನು ಪೂರ್ತಿ ತಿರುಗಿಸಿದರೆ ಬಲವು ೮೦ ಡೆಸಿಬೆಲ್, ಅಂದರೆ ಹತ್ತು ಸಾವಿರ ಪಟ್ಟು ಹಿಗ್ಗುತ್ತದೆ. ಒಳಗೆ ಬಿಡಿಬಿಡಿಯಾದ ಟ್ರಾನ್ಸಿಸ್ಟರುಗಳೂ, ದನಿ ಬರುವ ಬಾಗಿಲಲ್ಲಿ ಮತ್ತು ಹೋಗುವ ಬಾಗಿಲಲ್ಲಿ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರುಗಳೂ ಇವೆ. ಈ ಘಟಕದ ಮೂಲಕ ಹಾದ ದನಿಗೆ ಒಂದು ತುಂಬುತನ, ಒಂದು ಕಾವು ಬರುತ್ತದೆಂದು ಕೇಳಿ ಬಲ್ಲವರು ಹೇಳುತ್ತಾರೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣವೂ ಟ್ರಾನ್ಸಿಸ್ಟರುಗಳ ವರ್ತನೆಯೂ ಸೇರಿ ದನಿಗೆ ಕೂಡಿಸುವ ಅತ್ಯಲ್ಪ ಬದಲಾವಣೆಯೇ ಇದಕ್ಕೆ ಕಾರಣ. ಗಣಿತದ ದೃಷ್ಟಿಯಿಂದ ಅದು ದೋಷ. ಕಿವಿಯ ದೃಷ್ಟಿಯಿಂದ ಗುಣ.

ಆದರೆ ಕಾಲ ನಿಲ್ಲಲಿಲ್ಲ. ಮುದ್ರಣಯಂತ್ರಗಳಲ್ಲಿ ದನಿಯ ಪಥಗಳು ಎಂಟರಿಂದ ಹದಿನಾರಕ್ಕೆ, ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ಏರಿದವು. ಗುಂಡಿಗಳ ಸ್ಥಾನವನ್ನು ನೆನಪಿಟ್ಟುಕೊಂಡು ಮರುದಿನ ಹಾಗೆಯೇ ಮರಳಿಸಲು ನೆರವಾಗುವ ಹೊಸ ಕನ್ಸೋಲುಗಳು ಬಂದವು. ಆಮೇಲೆ ಗಣಕಯಂತ್ರವೇ ಮೇಜಿನ ಬಹುಪಾಲು ಕೆಲಸವನ್ನು ತನ್ನದಾಗಿಸಿಕೊಂಡಿತು. ಒಂದು ಕೋಣೆಯನ್ನೇ ಆಕ್ರಮಿಸುವ, ಹಗಲಿರುಳು ಬಿಸಿಯನ್ನು ಉಗುಳುವ, ದಿನವೂ ದುರಸ್ತಿಯನ್ನು ಬೇಡುವ ಹಳೆಯ ಮೇಜು ಮಂದಿರದ ಒಡೆಯರಿಗೆ ಭಾರವೆನಿಸಿತು. ಗಣಕಯಂತ್ರದ ಮುಂದೆ ಕುಳಿತು ಒಬ್ಬ ಗಾಯಕನ ದನಿಯನ್ನು ಮುದ್ರಿಸುವವನಿಗೆ ಮೂವತ್ತು ಘಟಕಗಳು ಏತಕ್ಕೆ? ಒಂದೋ ಎರಡೋ ಸಾಕು. ಹೀಗಾಗಿ ಮೇಜುಗಳನ್ನು ಬಿಚ್ಚಿ ಘಟಕಗಳನ್ನು ಬಿಡಿಬಿಡಿಯಾಗಿ ಮಾರುವ ವ್ಯಾಪಾರ ಬೆಳೆಯಿತು. ಕೊಂಡವರು ಅವನ್ನು ರ್‍ಯಾಕ್‌ಗೆ, ಅಂದರೆ ೧೯ ಅಂಗುಲ ಅಗಲದ ಲೋಹದ ಚೌಕಟ್ಟಿಗೆ ಹೊಂದಿಸಬೇಕಾಯಿತು. ಈ ಅಳತೆಯ ಚೌಕಟ್ಟು ಹುಟ್ಟಿದ್ದು ದೂರವಾಣಿಯ ಉಪಕರಣಗಳನ್ನು ಜೋಡಿಸಿಡುವುದಕ್ಕಾಗಿ. ಕ್ರಮೇಣ ಜಗತ್ತಿನ ಅನೇಕ ವಿದ್ಯುದುಪಕರಣಗಳು ಈ ಅಳತೆಯನ್ನೇ ಒಪ್ಪಿಕೊಂಡವು.

ಮೇಜಿನಿಂದ ಹೊರಬಂದ ಘಟಕದ ಪಾಡು ಕೂಡುಕುಟುಂಬದಿಂದ ಬೇರೆಯಾಗಿ ಹೊಸದಾಗಿ ಒಲೆ ಹೂಡಿದವನ ಪಾಡಿನಂತೆ. ಉಪ್ಪು ಎಲ್ಲಿಂದ ಬರುತ್ತಿತ್ತು, ನೀರನ್ನು ಯಾರು ಸೇದುತ್ತಿದ್ದರು ಎಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರುವುದಿಲ್ಲ. ಹಾಗೆಯೇ ಮೇಜು ತನ್ನ ಘಟಕಕ್ಕೆ ಸದ್ದಿಲ್ಲದೆ ಒದಗಿಸುತ್ತಿದ್ದ ಸೌಕರ್ಯಗಳು ಹಲವು. ಅವುಗಳಲ್ಲಿ ಒಂದೊಂದನ್ನೂ ಗುರುತಿಸಿ ಹೊಸ ಪೆಟ್ಟಿಗೆಯಲ್ಲಿ ಮತ್ತೆ ಒದಗಿಸಿಕೊಡುವುದೇ ಕುಶಲಕರ್ಮಿಯ ಮುಖ್ಯ ಕೆಲಸ.

ಮೊದಲನೆಯದು ಆಹಾರ. ೧೦೭೩ ಘಟಕಕ್ಕೆ ೨೪ ವೋಲ್ಟಿನ ಏಕಮುಖ ವಿದ್ಯುತ್ತು ಬೇಕು. ಅದರ ವರ್ಧಕಗಳು 'ಕ್ಲಾಸ್ ಎ' ಎಂಬ ಪದ್ಧತಿಯವು. ಹಾಡು ಇರಲಿ, ಇಲ್ಲದಿರಲಿ, ಅವುಗಳಲ್ಲಿ ವಿದ್ಯುತ್ತು ಸತತವಾಗಿ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಹೊಸ ವಿದ್ಯುತ್ ಪೂರೈಕೆಯು ದಣಿಯದೆ ದುಡಿಯುವಂಥದಾಗಿರಬೇಕು. ಅಷ್ಟೇ ಅಲ್ಲ, ನಿರ್ಮಲವೂ ಆಗಿರಬೇಕು. ಮನೆಗೆ ಬರುವ ವಿದ್ಯುತ್ತು ಇಂಗ್ಲೆಂಡಿನಲ್ಲಿ ಸೆಕೆಂಡಿಗೆ ೫೦ ಬಾರಿ, ಅಮೆರಿಕದಲ್ಲಿ ೬೦ ಬಾರಿ ಆವರ್ತಿಸುತ್ತದೆ. ಆ ಆವರ್ತನದ ಅತ್ಯಲ್ಪ ಅಂಶ ಒಳನುಸುಳಿದರೂ ಹಾಡಿನ ಹಿಂದೆ ದುಂಬಿಯಂತೆ ಒಂದು ಗುಂಯ್‌ಗುಡುವಿಕೆ ಕೇಳತೊಡಗುತ್ತದೆ. ಹಳೆಯ ಮೇಜಿನಲ್ಲಿ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಮೇಜಿನಿಂದ ದೂರದಲ್ಲಿಯೇ ಇರಿಸುತ್ತಿದ್ದರು. ಈ ಸಂಪ್ರದಾಯದ ಹಿಂದಿನ ಕಾರಣವನ್ನು ಅರಿಯದವನು ಅದನ್ನು ಘಟಕದ ಪಕ್ಕದಲ್ಲಿಯೇ ಕೂರಿಸುತ್ತಾನೆ. ಆಗ ಅದರ ಕಾಂತಕ್ಷೇತ್ರವು ಘಟಕದ ಬಾಗಿಲಲ್ಲಿರುವ ಸೂಕ್ಷ್ಮವಾದ ಟ್ರಾನ್ಸ್‌ಫಾರ್ಮರನ್ನು ತಟ್ಟಿ, ಬೇಡವೆಂದ ಸದ್ದನ್ನೇ ದನಿಗೆ ಸೇರಿಸುತ್ತದೆ.

ಎರಡನೆಯದು ನೆಲ. ವಿದ್ಯುತ್ತಿಗೆ ಹೋಗುವ ದಾರಿ ಎಷ್ಟು ಮುಖ್ಯವೋ ಮರಳುವ ದಾರಿಯೂ ಅಷ್ಟೇ ಮುಖ್ಯ. ಮರಳುವ ತಂತಿಗಳನ್ನು ಮನಬಂದಂತೆ ಅಲ್ಲಲ್ಲಿ ಕಟ್ಟಿದರೆ ಅವು ಒಂದಕ್ಕೊಂದು ಸುತ್ತಿಕೊಂಡು ಗುಂಯ್‌ಗುಡುವಿಕೆಗೆ ಇನ್ನೊಂದು ಬಾಗಿಲನ್ನು ತೆರೆಯುತ್ತವೆ. ಬಲ್ಲವನು ಅವನ್ನೆಲ್ಲ ನಕ್ಷತ್ರದ ಕಿರಣಗಳಂತೆ ಒಂದೇ ಬಿಂದುವಿಗೆ ತಂದು ಸೇರಿಸುತ್ತಾನೆ. ಇದರ ಜೊತೆಗೆ ಪೆಟ್ಟಿಗೆಯ ಲೋಹದ ಮೈಯನ್ನು ಭೂಮಿಗೆ ಸೇರಿಸುವ ತಂತಿಯೊಂದುಂಟು. ಸದ್ದು ಕಡಿಮೆಯಾಗುತ್ತದೆಂದು ಈ ತಂತಿಯನ್ನೇ ಕಿತ್ತುಹಾಕುವ ದುಸ್ಸಾಹಸಿಗಳೂ ಇದ್ದಾರೆ. ಮೈಕಿನ ಲೋಹವೂ ಪೆಟ್ಟಿಗೆಯ ಲೋಹವೂ ಒಂದೇ ತಂತಿಯಿಂದ ಬೆಸೆದುಕೊಂಡಿರುತ್ತವೆ. ಪೆಟ್ಟಿಗೆಯೊಳಗೆ ಮನೆಯ ವಿದ್ಯುತ್ತಿನ ತಂತಿಯೊಂದು ಕಳಚಿ ಲೋಹಕ್ಕೆ ತಾಗಿತೆಂದರೆ, ಮೈಕನ್ನು ಹಿಡಿದು ತುಟಿಗೆ ಹತ್ತಿರ ತಂದ ಗಾಯಕನ ಪ್ರಾಣವೇ ಅಪಾಯಕ್ಕೆ ಸಿಲುಕುತ್ತದೆ. ಭೂಮಿಯ ತಂತಿ ಇದ್ದಲ್ಲಿ ಫ್ಯೂಸು ಸುಟ್ಟುಹೋಗಿ ಆಪತ್ತು ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಇಂಪಾದ ದನಿಯಾದರೂ ಒಂದು ಜೀವಕ್ಕಿಂತ ದೊಡ್ಡದಲ್ಲ. ಆದ್ದರಿಂದ ಅನುಭವಿಯಾದ ತಂತ್ರಜ್ಞನು ಪೆಟ್ಟಿಗೆಯಲ್ಲಿ ಮೊದಲು ಬಿಗಿಯುವುದು ಈ ತಂತಿಯನ್ನು. ಮೊದಲು ಪರೀಕ್ಷಿಸುವುದೂ ಇದನ್ನೇ.

ಮೂರನೆಯದು ಮೈಕಿಗೆ ಬೇಕಾದ ವಿದ್ಯುತ್ತು. ಕೆಲವು ಬಗೆಯ ಮೈಕುಗಳು ತಾವೇ ಉಣ್ಣದೆ ದುಡಿಯಲಾರವು. ಅವುಗಳಿಗೆ ೪೮ ವೋಲ್ಟುಗಳನ್ನು, ದನಿಯನ್ನು ತರುವ ಅದೇ ಜೋಡಿ ತಂತಿಗಳ ಮೂಲಕ ಕಳಿಸಿಕೊಡಬೇಕು. ಹಳೆಯ ಕಾಲದಲ್ಲಿ ಇದನ್ನು ಒದಗಿಸುತ್ತಿದ್ದುದು ಮೇಜು, ಘಟಕವಲ್ಲ. ಹೊಸ ಪೆಟ್ಟಿಗೆಯಲ್ಲಿ ಇದಕ್ಕಾಗಿ ೬.೮ ಕಿಲೋ ಓಮಿನ ಎರಡು ರೋಧಕಗಳನ್ನು ಜೋಡಿಸುತ್ತಾರೆ. ಆ ಎರಡೂ ಒಂದೇ ತಾಯಿಯ ಅವಳಿ ಮಕ್ಕಳಂತೆ ಸರಿಸಮನಾಗಿರಬೇಕು. ಸಮನಾಗಿದ್ದರೆ ಎರಡು ತಂತಿಗಳಲ್ಲಿಯೂ ಒತ್ತಡ ಒಂದೇ ಆಗಿ, ಟ್ರಾನ್ಸ್‌ಫಾರ್ಮರಿಗೆ ಆ ವಿದ್ಯುತ್ತಿನ ಸುಳಿವೂ ತಿಳಿಯುವುದಿಲ್ಲ. ವ್ಯತ್ಯಾಸವಾದರೆ ಅದರ ಸುರುಳಿಯಲ್ಲಿ ಬೇಡದ ವಿದ್ಯುತ್ತು ಹರಿದು, ಕಬ್ಬಿಣವು ಕಾಂತತ್ವವನ್ನು ಪಡೆದು, ದನಿ ಸೊರಗುತ್ತದೆ.

ನಾಲ್ಕನೆಯದು ಸ್ವಾರಸ್ಯವಾದುದು, ಅದು ಹೊರೆ. ಸೌಕರ್ಯವನ್ನು ಕೊಡದಿದ್ದರೆ ಕಷ್ಟವೆಂಬುದು ಸರಿ. ಹೊರೆಯನ್ನು ಇಳಿಸಿದರೂ ಕಷ್ಟವೇ? ಹೌದು. ಹಳೆಯ ಕಾಲದ ಯಂತ್ರಗಳು ೬೦೦ ಓಮಿನ ಹೊರೆಯನ್ನು ಎಳೆಯುವುದಕ್ಕೆಂದೇ ರೂಪುಗೊಂಡವು. ಇಂದಿನ ಉಪಕರಣಗಳಾದರೋ ಬಹಳ ಹಗುರವಾದ ಹೊರೆಯನ್ನಷ್ಟೇ ಹೊರಿಸುತ್ತವೆ. ನೇಗಿಲನ್ನು ಎಳೆದು ಪಳಗಿದ ಎತ್ತಿನ ನೊಗಕ್ಕೆ ಏನನ್ನೂ ಕಟ್ಟದೆ ಬಿಟ್ಟರೆ ಅದು ಸಾಲು ತಪ್ಪಿ ಓಡುವಂತೆ, ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರು ಮೇಲಿನ ಸ್ವರಗಳಲ್ಲಿ ಹದ ತಪ್ಪಿ ಮಿಡಿಯುತ್ತದೆ. ಆಗ ಹೊರಬಾಗಿಲಿಗೆ ಅಡ್ಡಲಾಗಿ ೬೦೦ ಓಮಿನ ರೋಧಕವೊಂದನ್ನು ಕಟ್ಟಿದರೆ ಅದು ಮತ್ತೆ ಹದಕ್ಕೆ ಬರುತ್ತದೆ. ಅಗ್ಗದ ವಸ್ತುವೆಂದು ಕಡೆಗಣಿಸುವಂತಿಲ್ಲ. ಅದನ್ನು ಕಟ್ಟದೆಯೇ ಹಳೆಯ ಘಟಕದ ದನಿ ಕರ್ಕಶವೆಂದು ತೀರ್ಪಿತ್ತರೆ ತಪ್ಪು ಘಟಕದ್ದಲ್ಲ.

ಇವೆಲ್ಲ ಹೊರಗಿನ ವ್ಯವಸ್ಥೆಗಳಾದವು. ಇನ್ನು ಘಟಕದ ಒಳಗು. ಐವತ್ತು ವರ್ಷ ದುಡಿದ ದೇಹದಲ್ಲಿ ಕೆಲವು ಅಂಗಗಳು ಸವೆದಿರುವುದು ಸಹಜ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳಲ್ಲಿ ಕೆಲವಕ್ಕೆ ಒಳಗೆ ದ್ರವವಿರುತ್ತದೆ. ವರ್ಷಗಳು ಉರುಳಿದಂತೆ ಅದು ಒಣಗುತ್ತದೆ. ಟ್ಯಾಂಟಲಮ್ ಎಂಬ ಲೋಹದಿಂದ ಮಾಡಿದವು ಒಮ್ಮೊಮ್ಮೆ ಯಾವ ಮುನ್ಸೂಚನೆಯನ್ನೂ ಕೊಡದೆ ಒಳಗೊಳಗೇ ತಾಗಿಕೊಂಡು ಕೆಡುತ್ತವೆ. ತಿರುಗುವ ಗುಂಡಿಗಳ ಹಿಂದಿನ ಸಂಪರ್ಕಗಳಿಗೆ ಕಿಲುಬು ಹಿಡಿದು ಕರಕರ ಸದ್ದು ಹುಟ್ಟುತ್ತದೆ. ಇವನ್ನು ಬದಲಿಸಬೇಕು ಇಲ್ಲವೆ ಶುಚಿಗೊಳಿಸಬೇಕು. ಆದರೆ ಎಲ್ಲಿ ನಿಲ್ಲಿಸಬೇಕು? ಕಠಿಣವಾದ ಪ್ರಶ್ನೆಯಿದು. ಹಳೆಯದೆಲ್ಲ ಕೆಟ್ಟಿದೆಯೆಂದು ಬಗೆದ ಉತ್ಸಾಹಿಯು ಕೆಪಾಸಿಟರುಗಳ ಜೊತೆಗೆ ಟ್ರಾನ್ಸಿಸ್ಟರುಗಳನ್ನೂ, ಟ್ರಾನ್ಸಿಸ್ಟರುಗಳ ಜೊತೆಗೆ ಟ್ರಾನ್ಸ್‌ಫಾರ್ಮರುಗಳನ್ನೂ ಬದಲಿಸುತ್ತ ಹೋದರೆ ಕೊನೆಗೆ ಹಳೆಯದಾಗಿ ಉಳಿಯುವುದು ಮುಖದ ತಗಡು ಮಾತ್ರ. ತಾಮ್ರದ ಸುರುಳಿಯೂ ಕಬ್ಬಿಣದ ಪದರಗಳೂ ಅಷ್ಟು ಸುಲಭವಾಗಿ ಮುಪ್ಪಾಗುವುದಿಲ್ಲ. ಯಾವ ಗುಣಕ್ಕಾಗಿ ಈ ಘಟಕವನ್ನು ಜನ ಅರಸಿದರೋ ಆ ಗುಣ ನೆಲೆಸಿರುವುದು ಬಹುಮಟ್ಟಿಗೆ ಅವುಗಳಲ್ಲಿಯೇ. ವಿವೇಕಿಯಾದವನು ಮೊದಲು ಅಳೆಯುತ್ತಾನೆ, ಆಮೇಲೆ ಕೇಳುತ್ತಾನೆ, ಕೊನೆಗೆ ಕೈ ಹಾಕುತ್ತಾನೆ. ಆತುರಗಾರನ ಕ್ರಮ ಇದಕ್ಕೆ ತಿರುಗುಮುರುಗು. ೨೪ ವೋಲ್ಟಿನ ಎರಡು ತಂತಿಗಳನ್ನು ಅವನು ಒಮ್ಮೆ ಅದಲುಬದಲು ಮಾಡಿ ಜೋಡಿಸಿದರೆ ಸಾಕು. ಅರ್ಧ ಶತಮಾನ ಬಾಳಿದ ಭಾಗಗಳು ಅರೆನಿಮಿಷದಲ್ಲಿ ಸುಟ್ಟುಹೋಗಬಹುದು.

ಇಷ್ಟೆಲ್ಲ ಶ್ರಮದಿಂದ ನೆಲೆಗೊಂಡ ಘಟಕವನ್ನು ನೋಡಿ ಸಂತೋಷಪಡುವಾಗ ಒಂದು ನೋವಿನ ಪ್ರಶ್ನೆಯೂ ಎದುರಾಗುತ್ತದೆ. ಈ ಘಟಕ ಹೊರಬಂದ ಮೇಜು ಏನಾಯಿತು? ಹಲವು ಮೇಜುಗಳು ಹಡಗು ಒಡೆಯುವ ಕಟ್ಟೆಯಲ್ಲಿನ ಹಡಗುಗಳಂತೆ ಭಾಗಭಾಗವಾಗಿ ಚದುರಿಹೋದವು. ಕೆಟ್ಟು ನಿಂತ, ನೀರು ಹೊಕ್ಕು ತುಕ್ಕು ಹಿಡಿದ ಮೇಜಿನಿಂದ ಘಟಕಗಳನ್ನು ಎತ್ತಿ ಉಳಿಸಿದರೆ ಅದು ರಕ್ಷಣೆಯೇ ಸರಿ. ಒಂದು ಮಂದಿರದಲ್ಲಿ ಸುಮ್ಮನೆ ಧೂಳು ತಿನ್ನುತ್ತಿದ್ದ ಇಪ್ಪತ್ತನಾಲ್ಕು ಘಟಕಗಳು ಇಪ್ಪತ್ತನಾಲ್ಕು ಕೋಣೆಗಳಿಗೆ ಹೋಗಿ ಎಳೆಯ ಗಾಯಕರ ದನಿಯನ್ನು ಮುದ್ರಿಸುತ್ತಿದ್ದರೆ ಅದನ್ನು ನಾಶವೆನ್ನುವುದು ಹೇಗೆ? ಆದರೆ ಬಿಡಿಭಾಗಗಳ ಬೆಲೆ ಇಡಿಯ ಬೆಲೆಗಿಂತ ಹೆಚ್ಚಾದಾಗ, ಚೆನ್ನಾಗಿ ನಡೆಯುತ್ತಿದ್ದ ಮೇಜನ್ನೂ ಲಾಭಕ್ಕಾಗಿ ಬಿಚ್ಚುವ ಆಸೆ ಹುಟ್ಟುತ್ತದೆ. ಹಣ್ಣು ಕೊಡುತ್ತಿರುವ ಮರವನ್ನು ಸೌದೆಗೆ ಕಡಿದಂತೆ ಅದು.

ಹೀಗಾಗದೆ ಉಳಿದ ಮೇಜಿನ ಕಥೆಯೂ ಒಂದಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಸೌಂಡ್ ಸಿಟಿ ಎಂಬ ಮಂದಿರಕ್ಕೆ ೧೯೭೩ರಲ್ಲಿ ನೀವ್ ಸಂಸ್ಥೆಯ ಕನ್ಸೋಲೊಂದು ಬಂದಿತು. ಅನೇಕ ಪ್ರಸಿದ್ಧ ಹಾಡುಗಳು ಅದರ ಮೂಲಕ ಹಾದುಹೋದವು. ೧೯೯೧ರಲ್ಲಿ ನಿರ್ವಾಣ ಎಂಬ ವಾದ್ಯತಂಡ ತನ್ನ ಹಾಡುಗಳನ್ನು ಅಲ್ಲಿ ಮುದ್ರಿಸಿತು. ಆ ತಂಡದಲ್ಲಿ ಡೋಲು ನುಡಿಸುತ್ತಿದ್ದ ತರುಣ ಡೇವ್ ಗ್ರೋಲ್. ಇಪ್ಪತ್ತು ವರ್ಷಗಳ ಬಳಿಕ, ೨೦೧೧ರಲ್ಲಿ, ಮಂದಿರವು ಬಾಗಿಲು ಹಾಕಿದಾಗ ಆತ ಆ ಕನ್ಸೋಲನ್ನು ಇಡಿಯಾಗಿ ಕೊಂಡು ತನ್ನ ಮುದ್ರಣಮಂದಿರಕ್ಕೆ ಸಾಗಿಸಿದ. ಅಷ್ಟಕ್ಕೇ ತೃಪ್ತನಾಗದೆ ಆ ಮಂದಿರದ ಕಥೆಯನ್ನು ೨೦೧೩ರಲ್ಲಿ ಚಲನಚಿತ್ರವಾಗಿಯೂ ಮಾಡಿದ. ಆತ ಕೊಂಡದ್ದು ಯಂತ್ರವನ್ನಷ್ಟೇ ಅಲ್ಲ. ಒಂದು ಕಾಲದ ಜನ ಒಂದೇ ಕೋಣೆಯಲ್ಲಿ ಕೂಡಿ ಕೆಲಸ ಮಾಡಿದ ರೀತಿಯ ನೆನಪನ್ನು. ಘಟಕಗಳನ್ನು ಹಂಚಿಕೊಳ್ಳಬಹುದು, ಅಂಥ ನೆನಪನ್ನು ಹಂಚಿಕೊಳ್ಳಲಾಗದು.

ಎಲ್ಲ ಮೇಜುಗಳಿಗೂ ಇಂಥ ಒಡೆಯರು ಸಿಗುವುದಿಲ್ಲವಾದ್ದರಿಂದ ಕುಶಲಕರ್ಮಿಯ ಹೊಣೆ ಹೆಚ್ಚಿನದು. ಒಳ್ಳೆಯ ಕೆಲಸಗಾರರು ತಮಗೆ ತಾವೇ ಕೆಲವು ಕಟ್ಟುಪಾಡುಗಳನ್ನು ವಿಧಿಸಿಕೊಂಡಿದ್ದಾರೆ. ಘಟಕದ ಮೈಗೆ ಹೊಸ ತೂತು ಕೊರೆಯಬಾರದು; ಬೇಕಾದ ತೂತುಗಳೆಲ್ಲ ಹೊಸ ಪೆಟ್ಟಿಗೆಗೆ ಇರಲಿ. ಹಿಂಬದಿಯ ಮೂಲ ಜೋಡಣೆಯನ್ನು ಕತ್ತರಿಸಬಾರದು. ಅದಕ್ಕೆ ಹೊಂದುವ ಜೊತೆಯನ್ನೇ ಹುಡುಕಿ ತರಬೇಕು. ತೆಗೆದ ಭಾಗಗಳನ್ನು ಎಸೆಯದೆ ಸಣ್ಣ ಪೊಟ್ಟಣದಲ್ಲಿ ಕಟ್ಟಿ ಒಡೆಯನಿಗೆ ಒಪ್ಪಿಸಬೇಕು. ಮುಂದೊಂದು ದಿನ ಯಾರಾದರೂ ಈ ಘಟಕವನ್ನು ಮರಳಿ ಮೇಜಿನ ಸಾಲಿನಲ್ಲಿ ನಿಲ್ಲಿಸಲು ಬಯಸಿದರೆ ಅದು ಸಾಧ್ಯವಾಗುವಂತಿರಬೇಕು.

ರೂಪರ್ಟ್ ನೀವ್ ಅವರು ೨೦೨೧ರಲ್ಲಿ, ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೦೭೩ರ ಹೊಸ ಪ್ರತಿಗಳು ಇಂದಿಗೂ ತಯಾರಾಗುತ್ತಿವೆ. ಆದರೂ ಹಳೆಯವನ್ನು ಎತ್ತಿ ನಿಲ್ಲಿಸುವ ಕೆಲಸ ನಿಂತಿಲ್ಲ. ಒಂದು ಜೋಡಿ ಘಟಕಗಳನ್ನು ಪೆಟ್ಟಿಗೆಯಲ್ಲಿ ಅಡ್ಡಲಾಗಿ ಮಲಗಿಸಿ, ತಂತಿಗಳನ್ನು ಬೆಸೆದು, ಭೂಮಿಯ ತಂತಿಯನ್ನು ಮತ್ತೊಮ್ಮೆ ಎಳೆದು ನೋಡಿದ ಮೇಲೂ ಎಚ್ಚರದ ಕೆಲಸಗಾರನಿಗೆ ಒಂದು ಕೆಲಸ ಉಳಿದಿರುತ್ತದೆ. ಬದಲಿಸಿದ ಭಾಗಗಳು ಯಾವುವು, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟು ಇರಬೇಕು, ಯಾವ ಬಣ್ಣದ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಚೀಟಿಯೊಂದರಲ್ಲಿ ಬರೆದು, ತಾರೀಖು ಹಾಕಿ, ಮುಚ್ಚಳದ ಒಳಮೈಗೆ ಅಂಟಿಸುತ್ತಾನೆ. ಪೆಟ್ಟಿಗೆಯನ್ನು ಕೊಂಡವರು ಬಹುಶಃ ಅದನ್ನು ಎಂದೂ ನೋಡುವುದಿಲ್ಲ. ಆ ಬರಹ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಅದೇ ಮುಚ್ಚಳವನ್ನು ತೆರೆಯಲಿರುವ, ಹೆಸರು ಗೊತ್ತಿಲ್ಲದ ಇನ್ನೊಬ್ಬ ಕೆಲಸಗಾರನಿಗಾಗಿ.